ಕರೆಯದೇ ಉಳಿದ ಗೆಳೆಯರು

ನನ್ನ ಮೊಮ್ಮಗಳಿಗೆ ಕತೆ ಹೇಳದಿದ್ದರೆ ನಿದ್ದೆ ಬಾರದು. ಮೊನ್ನೆ ರಾತ್ರಿ ಗ್ರಿಮ್ ಸಹೋದರರ ‘ಬ್ರೆಮೆನ್ ಊರಿನ ವಾದ್ಯಗಾರರು’ ಕತೆ ಹೇಳಿದೆ. ಅದು 1819ರಲ್ಲಿ ಅಚ್ಚಾದ ಜರ್ಮನ್ ಕತೆ. ದುಡಿದು ಮುದಿಯಾದ ಕತ್ತೆ, ನಾಯಿ, ಬೆಕ್ಕು ಯಜಮಾನರಿಗೆ ಬೇಡವಾಗುತ್ತವೆ. ಸಾರಿನ ಪಾತ್ರೆಗೆ ಬೀಳಲಿದ್ದ ಹುಂಜವೂ ಅವುಗಳ ಜೊತೆ ಸೇರುತ್ತದೆ. ಹಾಡಿ ಬದುಕೋಣ ಎಂದು ನಾಲ್ಕೂ ಬ್ರೆಮೆನ್ ದಾರಿ ಹಿಡಿಯುತ್ತವೆ.

“ತಾತಾ, ಇದರ ಕಾರ್ಟೂನ್ ಇಲ್ವಾ?” ಎಂದಳು.

ಇತ್ತು! 1969ರಲ್ಲಿ ಮಾಸ್ಕೋದ ಸೋಯುಜ್‌ಮುಲ್ತ್‌ಫಿಲ್ಮ್ ಸಂಸ್ಥೆ ಮಾಡಿದ್ದು. ನಿರ್ದೇಶಕಿ ಇನೆಸ್ಸಾ ಕೊವಲೆವ್‌ಸ್ಕಾಯಾ, ಸಂಗೀತ ಗೆನ್ನಡಿ ಗ್ಲಾದ್‌ಕೊವ್, ಹಾಡು ಬರೆದವರು ಯೂರಿ ಎಂತಿನ್. ಸುಮಾರು ಇಪ್ಪತ್ತು ನಿಮಿಷದ ಚಿತ್ರ. ಮಾತಿಗಿಂತ ಹಾಡೇ ಹೆಚ್ಚು. ರಷ್ಯನ್ ಭಾಷೆ ನಮ್ಮಿಬ್ಬರಿಗೂ ಬಾರದು, ಆದರೂ ಕತೆ ತಿಳಿಯಿತು. ಇನ್ನೊಂದು ಸೋಜಿಗ ಕೇಳಿ ಮಕ್ಕಳೇ: ನಾಯಕ, ರಾಜ, ಕಳ್ಳರ ನಾಯಕಿ, ಹೀಗೆ ಹೆಚ್ಚಿನ ಪಾತ್ರಗಳಿಗೆಲ್ಲ ಹಾಡಿದವರು ಒಬ್ಬರೇ, ಒಲೆಗ್ ಅನೊಫ್ರಿಯೆವ್!

ಇಲ್ಲಿ ಪ್ರಾಣಿಗಳು ಮುದಿಯಲ್ಲ. ಬೆಲ್‌ಬಾಟಮ್ ತೊಟ್ಟ ಹಾಡುಗಾರ ಹುಡುಗನ ಜೊತೆ ಊರೂರು ತಿರುಗುತ್ತವೆ. ಹುಡುಗ ರಾಜಕುಮಾರಿಯನ್ನು ಮೆಚ್ಚುತ್ತಾನೆ, ರಾಜ ಓಡಿಸುತ್ತಾನೆ. ಆಗ ಗೆಳೆಯರು ಒಂದು ಉಪಾಯ ಹೂಡುತ್ತಾರೆ. ಕಳ್ಳರ ವೇಷ ಹಾಕಿ ರಾಜನನ್ನು ಹಿಡಿದು ಕಟ್ಟುತ್ತಾರೆ. ಹುಡುಗ ಹಾಡುತ್ತಾ ಬಂದು ‘ಬಿಡಿಸು’ತ್ತಾನೆ. ಖುಷಿಯಾದ ರಾಜ ಅವನನ್ನು ಅರಮನೆಗೆ ಕರೆದೊಯ್ಯುತ್ತಾನೆ. ಸಂಭ್ರಮವೋ ಸಂಭ್ರಮ.

ಆದರೆ ಆ ನಾಲ್ವರಿಗೆ ಕರೆಯೇ ಇಲ್ಲ. ತಲೆ ತಗ್ಗಿಸಿಕೊಂಡು ಹೊರಟುಬಿಡುತ್ತಾರೆ.

ಮೊಮ್ಮಗಳ ಮುಖ ಬಾಡಿತು. “ಅವರೇ ತಾನೆ ಸಹಾಯ ಮಾಡಿದ್ದು? ಯಾಕೆ ಕರೀಲಿಲ್ಲ?”

ನನ್ನ ಗಂಟಲು ಕಟ್ಟಿತು. ಹೋದ ವರ್ಷ ಮಗನ ಗೃಹಪ್ರವೇಶ ಆಯಿತು. ಊರಿನ ನಾಟಕಗಳಲ್ಲಿ ನಾನು ಪಾತ್ರ ಮಾಡುವಾಗ ಹಾರ್ಮೋನಿಯಂ ನುಡಿಸುತ್ತಿದ್ದ ಗೆಳೆಯನೊಬ್ಬನಿದ್ದಾನೆ. ನಾನು ಸಾಲು ಮರೆತಾಗಲೆಲ್ಲ ಶ್ರುತಿ ಎಳೆದು ಮಾನ ಉಳಿಸಿದವನು. ‘ಅಷ್ಟು ದೂರದಿಂದ ಎಲ್ಲಿ ಬರುತ್ತಾನೆ’ ಎಂದುಕೊಂಡು ಅವನನ್ನು ಕರೆದೇ ಇರಲಿಲ್ಲ. ಆಮೇಲೆ ನಾಚಿಕೆಯಿಂದ ಫೋನೂ ಮಾಡಲಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಗೆಳೆಯರಿಲ್ಲದ ಅರಮನೆ ಹುಡುಗನಿಗೆ ಬೇಡವಾಗಿತ್ತು. ರಾಜಕುಮಾರಿಯನ್ನೂ ಕರೆದುಕೊಂಡು ಓಡಿಬಂದು ಅವರನ್ನು ಸೇರಿದ. ಎಲ್ಲರೂ ಹಾಡುತ್ತಾ ದಾರಿ ಹಿಡಿದರು.

ಬೆಳಿಗ್ಗೆ ಕಾಫಿಗೂ ಮೊದಲು ಫೋನ್ ಮಾಡಿದೆ. “ತಪ್ಪಾಯ್ತು ಕಣೋ” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಒಂದು ವರ್ಷ ಬೇಕಾಯ್ತೇನೋ ನಿಂಗೆ? ಈಗಲೂ ಸಾಲು ಮರೀತೀಯ ನೋಡು” ಎಂದ.

ಬರುವ ಭಾನುವಾರ ಅವನು ನಮ್ಮನೆಗೆ ಬರುತ್ತಿದ್ದಾನೆ. ಹಾರ್ಮೋನಿಯಂ ತರಲೇಬೇಕು ಎನ್ನುವುದು ಮೊಮ್ಮಗಳ ಅಪ್ಪಣೆ.