ಮೂರು ಸೌಮ್ಯಗಳಲ್ಲಿ ರನ್ನನದು ಯಾವುದು?

ಮುಧೋಳ ಸೀಮೆಯ ರನ್ನ ಬೆಳಗಲಿ ಕವಿಚಕ್ರವರ್ತಿಯ ಹೆಸರನ್ನೇ ಹೊತ್ತ ಊರು. ರನ್ನ ಕ್ರಿ.ಶ. 949ರಲ್ಲಿ ಜನಿಸಿದನೆಂಬುದು ಪಠ್ಯಪುಸ್ತಕ ಓದಿದವರೆಲ್ಲ ಬಲ್ಲ ಸಂಗತಿ. ಆದರೆ ಕವಿ ತನ್ನ ಹುಟ್ಟಿಗೆ ಕೊಟ್ಟ ಗುರುತು ಸೌಮ್ಯ ಸಂವತ್ಸರ. ಅದರಿಂದ 949 ದೊರೆತದ್ದು ಹೇಗೆ?

ಸಂವತ್ಸರಗಳ ಹೆಸರು 60. ಮುಗಿದೊಡನೆ ಮತ್ತೆ ಪ್ರಭವದಿಂದ ಆರಂಭ. ಹೀಗಾಗಿ 889 ಸೌಮ್ಯ, 949 ಸೌಮ್ಯ, 1009ವೂ ಸೌಮ್ಯ. 2029ರ ಯುಗಾದಿಗೆ ಬರುವುದೂ ಅದೇ. ಹೆಸರೊಂದನ್ನೇ ನಂಬಿದರೆ ಅರವತ್ತು ವರ್ಷಗಳ ಅಂತರದಲ್ಲಿ ಮೂವರು ರನ್ನರು ಸಮಾನಾಂತರವಾಗಿ ಬದುಕತೊಡಗುತ್ತಾರೆ.

ಈ ತೊಡಕನ್ನು ಬಿಡಿಸುವುದು ಅಜಿತಪುರಾಣ. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ರಚಿತವಾದ ಈ ಕಾವ್ಯ ಮುಗಿದದ್ದು ಶಕವರ್ಷ 915, ವಿಜಯ ಸಂವತ್ಸರದಲ್ಲಿ, ಅಂದರೆ 993ರಲ್ಲಿ. ಶಕವರ್ಷ ಚಕ್ರದಂತೆ ಸುತ್ತುವುದಿಲ್ಲ, ನೇರವಾಗಿ ಸಾಗುತ್ತದೆ. 1009 ಎಂದರೆ ಕವಿ ಹುಟ್ಟುವ ಮೊದಲೇ ಕಾವ್ಯ ಬರೆದಂತಾಯಿತು. 889 ಎಂದರೆ 104ರ ಮುದುಕ ಬರೆದಂತಾಯಿತು. ಉಳಿಯುವುದು 949, ಆಗ ಕವಿಗೆ 44.

ಶಕವರ್ಷ 915ಕ್ಕೆ ಲೆಕ್ಕದ ಪ್ರಕಾರವೂ ವಿಜಯವೇ ಬರುತ್ತದೆ. ಯಾರೋ ಕಣ್ಣುಮುಚ್ಚಿ ಒಂದು ಹೆಸರು ಬರೆದಿದ್ದರೆ ಅದು ಹೊಂದುವ ಸಾಧ್ಯತೆ 60ರಲ್ಲಿ ಒಂದು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ.

ಶಾಸನಗಳ ಕಾಲನಿರ್ಣಯವೂ ಇದೇ ಬಗೆಯದು. ತಿಥಿಯೊಡನೆ ವಾರವನ್ನೂ ಕೆತ್ತಿದ್ದರೆ ಒಂದೇ ಹೆಸರಿನ ಎರಡು ಸಂವತ್ಸರಗಳನ್ನು ಬೇರ್ಪಡಿಸಬಹುದು. ಅರವತ್ತು ವರ್ಷಗಳಿಗೆ ಸಾಮಾನ್ಯವಾಗಿ 742 ಚಾಂದ್ರಮಾಸ, ಸುಮಾರು 21,912 ದಿನ. ಏಳರಿಂದ ಭಾಗಿಸಿದರೆ ಶೇಷ ಎರಡು. ಅದೇ ತಿಥಿ ಮುಂದಿನ ಸುತ್ತಿನಲ್ಲಿ ಒಂದೆರಡು ವಾರ ಮುಂದೆ ಸರಿದಿರುತ್ತದೆ: ಸೋಮವಾರವಿದ್ದದ್ದು ಮಂಗಳವಾರ ಇಲ್ಲವೆ ಬುಧವಾರ.

ಆದರೆ ವಾರ ಹೊಂದಿತೆಂದ ಮಾತ್ರಕ್ಕೆ ಶಾಸನವೇ ಸಾಚಾ ಎನ್ನಲಾಗದು. ಮನಸ್ಸಿಗೆ ಬಂದ ವಾರವನ್ನು ಕೆತ್ತಿದ ಕೂಟಶಾಸನವೂ ಏಳರಲ್ಲಿ ಒಂದು ಸಲ ಲೆಕ್ಕಕ್ಕೆ ಕೂಡುತ್ತದೆ. ಶಕವರ್ಷ ಗತವೋ ವರ್ತಮಾನವೋ ತಿಳಿಯದೆ ಎರಡನ್ನೂ ಪರೀಕ್ಷಿಸಿದರೆ ಆ ಆಕಸ್ಮಿಕ ಏಳರಲ್ಲಿ ಎರಡಕ್ಕೆ ಏರುತ್ತದೆ. ಹೊಂದುವವರೆಗೂ ಹುಡುಕಿದವನಿಗೆ ಏನಾದರೊಂದು ಹೊಂದಿಯೇ ತೀರುತ್ತದೆ! ಸ್ಥಳೀಯ ಇತಿಹಾಸ ಬರೆಯುವವರು ಎಚ್ಚರವಹಿಸಬೇಕಾದದ್ದು ಇಲ್ಲಿಯೇ. ಗ್ರಹಣದ ಉಲ್ಲೇಖವಿದ್ದರೆ ಆಧಾರ ಗಟ್ಟಿಯಾಗುತ್ತದೆ. ಇಂತಹ ಗಣಿತಕ್ಕೆ ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದರು. ಬಳಿಕ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಸಂಪುಟಗಳು ಬಂದವು.

ರನ್ನನದೇ ಗದಾಯುದ್ಧಕ್ಕೆ ಮಾತ್ರ ಅಜಿತಪುರಾಣದಂತಹ ಶಕವರ್ಷದ ಆಸರೆಯಿಲ್ಲ. ಅದು ಸುಮಾರು 982ರಲ್ಲಿ, ಸತ್ಯಾಶ್ರಯ ಇನ್ನೂ ಯುವರಾಜನಾಗಿದ್ದಾಗ ಹುಟ್ಟಿತೆಂದು ಕೆಲವು ವಿದ್ವಾಂಸರು. 997ರಲ್ಲಿ ಆತ ಪಟ್ಟವೇರಿದ ಬಳಿಕವೆಂದು ಮತ್ತೆ ಕೆಲವರು. ಮೊದಲನೆಯದು ನಿಜವಾದರೆ ದುರ್ಯೋಧನನ ಆ ಛಲವನ್ನು ಚಿತ್ರಿಸಿದವನು ಮೂವತ್ತಮೂರರ ತರುಣ, ಅಜಿತಪುರಾಣದ ಶಾಂತರಸ ಆಮೇಲಿನದು. ಎರಡನೆಯದಾದರೆ ತೀರ್ಥಂಕರನ ಚರಿತೆ ಬರೆದು ಮುಗಿಸಿದ ಕೈ, ಐವತ್ತರ ಹೊಸ್ತಿಲಲ್ಲಿ ಮತ್ತೆ ಕುರುಕ್ಷೇತ್ರಕ್ಕೆ ಮರಳಿತು.