ಪಾದ್ರಿಗಳ ಕುಟುಂಬಗಳಿಗೊಂದು ದತ್ತಿ

ಸಮಾಜಕ್ಕಾಗಿ ದುಡಿಯುವವನು ತೀರಿಕೊಂಡರೆ ಅವನ ಹೆಂಡತಿ ಮಕ್ಕಳ ಗತಿಯೇನು? ಈ ಪ್ರಶ್ನೆ ಉಪಾಧ್ಯಾಯರ ಮನೆಗೂ, ಅರ್ಚಕರ ಮನೆಗೂ, ಪಾದ್ರಿಗಳ ಮನೆಗೂ ಸಮಾನವಾದುದು. ಇದಕ್ಕೆ ಇಂಗ್ಲೆಂಡಿನವರು ಬಹುಕಾಲದ ಹಿಂದೆಯೇ ಕಂಡುಕೊಂಡ ಒಂದು ಉತ್ತರವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಸುವುದು ಉಚಿತವೆಂದು ಭಾವಿಸುತ್ತೇವೆ.

ಆಂಗ್ಲಿಕನ್ ಪಂಥದ ಪಾದ್ರಿಗಳು ಸಂಸಾರವಂದಿಗರಾಗಿರಬಹುದು. ಆದರೆ ಅವರು ವಾಸಿಸುವ ಮನೆ ಹುದ್ದೆಗೆ ಸೇರಿದುದು. ಹಿಂದಿನ ಕಾಲದಲ್ಲಿ ಪಾದ್ರಿಯು ಕಣ್ಮುಚ್ಚಿದೊಡನೆ ವರಮಾನವೂ ನಿಲ್ಲುತ್ತಿತ್ತು, ಮನೆಯನ್ನೂ ಬಿಡಬೇಕಾಗುತ್ತಿತ್ತು. ಪ್ರಸಿದ್ಧ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಪಾದ್ರಿಯ ಮಗಳು. 1805ರಲ್ಲಿ ತಂದೆ ತೀರಿಕೊಂಡ ಮೇಲೆ ಆಕೆಯೂ ತಾಯಿಯೂ ಅಕ್ಕನೂ ಬಹುಮಟ್ಟಿಗೆ ಸಹೋದರರ ನೆರವಿನಿಂದಲೇ ಬದುಕಬೇಕಾಯಿತು. ಗಂಡುದಿಕ್ಕಿಲ್ಲದ ಮನೆಗಳ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

1655ರಲ್ಲಿ, ಕ್ರಾಮ್‌ವೆಲ್ಲನ ಆಳ್ವಿಕೆಯಲ್ಲಿ, ಅರಸನ ಪಕ್ಷವನ್ನು ಬಿಡದ ಅನೇಕ ಪಾದ್ರಿಗಳು ಹುದ್ದೆಗಳನ್ನು ಕಳೆದುಕೊಂಡು ಕಷ್ಟಕ್ಕೀಡಾಗಿದ್ದರು. ಆಗ ಪಾದ್ರಿಗಳ ಮಕ್ಕಳೇ ಆಗಿದ್ದ ಲಂಡನ್ನಿನ ಕೆಲವು ವರ್ತಕರೂ ಪಾದ್ರಿಗಳೂ ಸೇಂಟ್ ಪಾಲ್ ದೇವಾಲಯದಲ್ಲಿ ಪ್ರಾರ್ಥನೆಗೆ ಸೇರಿ ನಿಧಿಯೊಂದನ್ನು ಕೂಡಿಸಿದರು. ‘ಪಾದ್ರಿಗಳ ಪುತ್ರರು’ ಎಂಬರ್ಥದ ಹೆಸರು ಆ ಸಂಘಕ್ಕೆ ಬಂದಿತು. 1678ರಲ್ಲಿ ಎರಡನೆಯ ಚಾರ್ಲ್ಸ್ ಅರಸನು ಅದಕ್ಕೆ ಸನ್ನದು ಕೊಟ್ಟನು. ಸನ್ನದಿನಿಂದ ಸಂಘವು ತನ್ನ ಹೆಸರಿನಲ್ಲಿಯೇ ಆಸ್ತಿಯನ್ನು ಹೊಂದುವಂತಾಯಿತು. ದಾನಿಯು ಅಳಿದರೂ ದಾನವು ಉಳಿಯುವಂತಾಯಿತು.

ಗಣ್ಯರ ಬೆಂಬಲವು ಈ ಸಂಘಕ್ಕೆ ದೊರೆತ ಬಗೆ ಗಮನಾರ್ಹವಾದುದು. ವರ್ಷಕ್ಕೊಮ್ಮೆ ನಡೆಯುವ ಉತ್ಸವಕ್ಕೆ ಲಂಡನ್ನಿನ ಮೇಯರರೂ ಬಿಷಪ್ಪರೂ ಬರುವುದು ಸಂಪ್ರದಾಯವಾಯಿತು. ಬೆಂಕಿಗೆ ಆಹುತಿಯಾದ ಸೇಂಟ್ ಪಾಲ್ ದೇವಾಲಯವನ್ನು ಹೊಸದಾಗಿ ರೂಪಿಸಿದ ಶಿಲ್ಪಿ ಕ್ರಿಸ್ಟೋಫರ್ ರೆನ್ ಸಹ ಪಾದ್ರಿಯ ಮಗನೇ. ಪರ್ಸೆಲ್, ಹ್ಯಾಂಡೆಲ್ ಎಂಬ ಮಹಾಸಂಗೀತಗಾರರ ಕೃತಿಗಳನ್ನು ಆ ಉತ್ಸವದಲ್ಲಿ ಹಾಡಿಸುತ್ತಿದ್ದರು. ಸಂಗೀತ ಕೇಳಲು ಬಂದವರು ನಿಧಿಗೆ ಕಾಣಿಕೆಯನ್ನಿತ್ತು ಹೋಗುತ್ತಿದ್ದರು. ತಂದೆಯಿಲ್ಲದ ಪಾದ್ರಿಪುತ್ರರ ವಿದ್ಯಾಭ್ಯಾಸಕ್ಕೆಂದು 1749ರಲ್ಲಿ ಇಂಥದೇ ಇನ್ನೊಂದು ಪ್ರಯತ್ನವೂ ನಡೆಯಿತು. ಅದರಿಂದ ಬೆಳೆದ ಸೇಂಟ್ ಎಡ್ಮಂಡ್ ಶಾಲೆ 1855ರಿಂದ ಕ್ಯಾಂಟರ್‌ಬರಿಯಲ್ಲಿದೆ. ಮೂಲಸಂಘವು 2019ರಲ್ಲಿ ‘ಕ್ಲರ್ಜಿ ಸಪೋರ್ಟ್ ಟ್ರಸ್ಟ್’ ಎಂಬ ಹೊಸ ಹೆಸರನ್ನು ತಳೆದು ಸೇವೆಯನ್ನು ಮುಂದುವರಿಸಿದೆ.

ನಮ್ಮ ಸೇಲಂ ಸೀಮೆಯಲ್ಲಿ 1827ರಿಂದ ಕೆಲಸ ಮಾಡಿದ ಲಂಡನ್ ಮಿಷನ್ನಿನವರು ಆಂಗ್ಲಿಕನ್ನರಲ್ಲ. ಆದರೆ 1947ರಲ್ಲಿ ಈ ಎರಡು ಪರಂಪರೆಗಳೂ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಗಣ್ಯರು ಸೇವೆಗೆ ಹೆಗಲು ಕೊಟ್ಟ ನಿದರ್ಶನವೂ ನಮ್ಮಲ್ಲಿದೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಸೇಲಂ ನಗರಸಭೆಯ ಅಧ್ಯಕ್ಷರಾಗಿದ್ದವರು. ಅವರು 1925ರಲ್ಲಿ ತಿರುಚ್ಚೆಂಗೋಡಿನ ಸಮೀಪ ಗಾಂಧಿ ಆಶ್ರಮವನ್ನು ಸ್ಥಾಪಿಸಿ, ಹೆಸರನ್ನು ಮಾತ್ರ ಕೊಡದೆ ತಾವೇ ಅಲ್ಲಿ ವಾಸಿಸಿದರು.

ದೊಡ್ಡವರ ಹೆಸರು ಜನರಲ್ಲಿ ನಂಬಿಕೆಯನ್ನು ಹುಟ್ಟಿಸುತ್ತದೆ. ಆ ನಂಬಿಕೆಯನ್ನು ಉಳಿಸುವುದು ಶುದ್ಧವಾದ ಲೆಕ್ಕ. ಸಭೆಯ ಹಾರತುರಾಯಿಗಳ ನಡುವೆ ವಿಧವೆಯ ಮನೆಯ ಒಲೆಯನ್ನು ಮರೆತರೆ ದತ್ತಿಯು ಬರಿಯ ಆಡಂಬರವಾಗುತ್ತದೆ. ನೆರವು ಪಡೆಯುವವರ ಮಾನವನ್ನು ಕಾಯುವುದೂ ದಾನದ ಒಂದು ಅಂಗವೇ. ಹನಿ ಹನಿ ಕೂಡಿದರೆ ಹಳ್ಳ. ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲಿ ತಂದೆಯನ್ನು ಕಳೆದುಕೊಂಡ ಗೆಳೆಯನೊಬ್ಬನು ಓದು ಬಿಡುವ ಸ್ಥಿತಿಗೆ ಬಂದರೆ, ಅವನ ಹೆಸರನ್ನು ನಾಲ್ವರ ಮುಂದೆ ಆಡದೆ ಉಪಾಧ್ಯಾಯರ ಕಿವಿಗೆ ಹಾಕಿರಿ. ಉಳಿದುದು ಹಿರಿಯರಾದ ನಮ್ಮೆಲ್ಲರ ಹೊಣೆ.