ಗೋಡೆಯ ಸರ್ಟಿಫಿಕೇಟು, ಅಮ್ಮನ ಹಿಮ್ಮಡಿ

ವೃದ್ಧಾಶ್ರಮ ನೋಡಲು ಹೋದ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಅಂಗಳದ ತುಳಸಿಕಟ್ಟೆ, ಆಫೀಸಿನ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ ಸರ್ಟಿಫಿಕೇಟು. ಅಷ್ಟಕ್ಕೇ ಸಮಾಧಾನ, ಅಡ್ವಾನ್ಸ್ ಕೊಟ್ಟು ಬರುತ್ತಾರೆ.

ನೋಂದಣಿಯಾಗಿದ್ದರೆ ಆರೈಕೆಯನ್ನೂ ಯಾರೋ ಪರೀಕ್ಷಿಸಿರುತ್ತಾರೆ ಎಂಬ ನಂಬಿಕೆ ತಪ್ಪು. ಟ್ರಸ್ಟ್ ಅಥವಾ ಸಂಘದ ನೋಂದಣಿಪತ್ರ ಸಂಸ್ಥೆ ಕಾನೂನುಬದ್ಧವೆಂದು ಹೇಳುತ್ತದೆ, ಅಷ್ಟೆ. ತೆರಿಗೆ ರಿಯಾಯಿತಿಯ ಪತ್ರವಿದ್ದರೆ ಅದರ ಲಾಭ ದಾನ ಕೊಟ್ಟವರಿಗೆ. ಒಳಗಿರುವ ಅಜ್ಜಿಗೆ ಅದರಿಂದ ಬಿಸಿನೀರೂ ಸಿಗದು.

"ನಮ್ಮಲ್ಲಿ ಇದುವರೆಗೆ ಒಬ್ಬರೂ ಬಿದ್ದಿಲ್ಲ ಸಾರ್" ಎಂದರೆ ಮಕ್ಕಳಿಗೆ ಖುಷಿ. ನನಗೆ ದಿಗಿಲಾಗುವುದೇ ಈ ಮಾತಿಗೆ. ಎಂಬತ್ತು ದಾಟಿದ ಮೂವತ್ತು ಮಂದಿ ಇರುವ ಕಡೆ ವರ್ಷದಲ್ಲಿ ಯಾರಾದರೂ ಬಿದ್ದೇ ಬೀಳುತ್ತಾರೆ. ಬಿದ್ದದ್ದನ್ನು ಬರೆದಿಟ್ಟಿಲ್ಲ, ಅಷ್ಟೆ. ನೆಟ್ಟಗೆ ನಡೆಯುವ ಆಶ್ರಮದಲ್ಲಿ ಅದಕ್ಕೊಂದು ರಿಜಿಸ್ಟರ್ ಇರುತ್ತದೆ: ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಬಿದ್ದರು, ತಲೆಗೆ ಪೆಟ್ಟಾಯಿತೇ, ಮನೆಗೆ ಫೋನ್ ಹೋದದ್ದು ಯಾವಾಗ. ಮೂರು ಸಲವೂ ನಡುರಾತ್ರಿ ಬಚ್ಚಲಿಗೆ ಹೋಗುವಾಗಲೇ ಬಿದ್ದದ್ದು ಎಂದು ಪುಸ್ತಕದಲ್ಲಿ ಕಂಡರೆ ಅಲ್ಲೊಂದು ದೀಪ, ಗೋಡೆಗೆ ಹಿಡಿಕೆ ಹಾಕಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಬಹುದು. ಹಾಗೆಯೇ ರಾತ್ರಿ ಡ್ಯೂಟಿಗೆ ಎಷ್ಟು ಜನ ಎಂದೂ ಕೇಳಿ. ಹಗಲಿನ ಲೆಕ್ಕ ಹೇಳಿ ತೇಲಿಸುವವರೇ ಹೆಚ್ಚು.

ಸಿ.ಸಿ. ಕ್ಯಾಮೆರಾ ಬಿದ್ದದ್ದನ್ನು ತೋರಿಸುತ್ತದೆ, ಎತ್ತುವುದಿಲ್ಲ.

"ಎಷ್ಟು ಶಾಂತವಾಗಿದೆ!" ಎಂದು ಮೆಚ್ಚುವವರಿದ್ದಾರೆ. ಸಂಜೆ ನಾಲ್ಕಕ್ಕೂ ಎಲ್ಲರೂ ತೂಕಡಿಸುತ್ತಿದ್ದರೆ ಅನುಮಾನಪಡಬೇಕು. ನಿದ್ದೆಮಾತ್ರೆ ಯಾರ ಚೀಟಿಯ ಮೇಲೆ ಕೊಡುತ್ತಿದ್ದಾರೆ, ನೋಡಿ. ಗೊಣಗುವ, ಕಾಫಿಗೆ ಸಕ್ಕರೆ ಸಾಲದೆಂದು ಜಗಳ ತೆಗೆಯುವ ಮುದುಕರಿರುವ ಮನೆಯೇ ನನಗೆ ವಾಸಿ.

ಇನ್ನು, ಮಲಗಿದಲ್ಲೇ ಇರುವವರಿಗೆ ಹಾಸಿಗೆ ಹುಣ್ಣು ಸಹಜ ಎಂಬ ಮಾತು. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ, ಮೈ ಒಣಗಿರುವಂತೆ ನೋಡಿಕೊಂಡು, ಹೊಟ್ಟೆತುಂಬ ಊಟ ಕೊಟ್ಟರೆ ಬಹುಪಾಲು ಹುಣ್ಣು ತಡೆಯಬಹುದು. ಅಮ್ಮನನ್ನು ನೋಡಲು ಹೋದಾಗ ಹಣ್ಣಿನ ಚೀಲ ಬದಿಗಿಟ್ಟು ಹೊದಿಕೆ ಸರಿಸಿ, ಹಿಮ್ಮಡಿ ಮುಟ್ಟಿ. ಕೆಂಪಾದ ಕಡೆ ಬೆರಳಿಂದ ಒತ್ತಿದರೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಯಲ್ಲಿ ಕೆಂಪು ಸುಲಭಕ್ಕೆ ಕಾಣದು. ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದಲೇ ತಿಳಿಯಬೇಕು. ಇದನ್ನೆಲ್ಲ ಕೇಳಿದರೆ ರೇಗುವ ಆಶ್ರಮವಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.